ಬೆಲೆ ಅದೇ, ತೂಕ ಬೇರೆ: ಪೊಟ್ಟಣದ ಲೆಕ್ಕ ಕಲಿಯೋಣ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)

ಪಾಠದ ಉದ್ದೇಶ: ಬೇರೆ ಬೇರೆ ಅಳತೆಯ ಪ್ಯಾಕೆಟ್‌ಗಳ ಬೆಲೆಯನ್ನು ಹೋಲಿಸಿ ನೋಡಲು ಕಲಿಯುವುದು; ಯಾವಾಗ ದೊಡ್ಡದು ಲಾಭ, ಯಾವಾಗ ಸಣ್ಣದು ಲಾಭ ಎಂದು ತಿಳಿಯುವುದು; ಸಂಘದಿಂದ ಒಟ್ಟಾಗಿ ಖರೀದಿ ಮಾಡುವ ಬಗ್ಗೆ ಯೋಚಿಸುವುದು.

ಬೇಕಾಗುವ ಸಾಮಾನು: ಮನೆಯಲ್ಲಿರುವ ಖಾಲಿ ಪ್ಯಾಕೆಟ್‌ಗಳು, ಪೆನ್ನು, ಪುಸ್ತಕ, ಒಂದು ಮೊಬೈಲ್ ಫೋನ್.



ಸಂಘಕ್ಕೆ ವಾರದ ಉಳಿತಾಯ ಕಟ್ಟಲು ನಾವು ಎಷ್ಟು ಕಷ್ಟಪಡುತ್ತೇವೆ ಎಂಬುದು ನಮಗೇ ಗೊತ್ತು. ತೋಟದ ಕೂಲಿ ಬಂದ ದಿನ ಇಪ್ಪತ್ತು ರೂಪಾಯಿ ಬೇರೆ ತೆಗೆದಿಟ್ಟು, ಮಕ್ಕಳು ಕೇಳಿದರೂ ಕೊಡದೆ, ಸಭೆಗೆ ತಂದು ಪಾಸ್ ಪುಸ್ತಕದಲ್ಲಿ ಬರೆಸುತ್ತೇವೆ. ಅದೇ ಇಪ್ಪತ್ತು ರೂಪಾಯಿ ಅಂಗಡಿಯ ಕಟ್ಟೆಯ ಮೇಲೆ ನಮಗೆ ಗೊತ್ತೇ ಆಗದೆ ಕೈಬಿಟ್ಟು ಹೋಗುತ್ತಿದ್ದರೆ? ಉಳಿತಾಯ ಅಂದರೆ ಸಂಘಕ್ಕೆ ಕಟ್ಟುವುದು ಮಾತ್ರ ಅಲ್ಲ. ಖರ್ಚು ಮಾಡುವಾಗ ಸೋರಿ ಹೋಗುವುದನ್ನು ತಡೆಯುವುದೂ ಉಳಿತಾಯವೇ. ಆ ಸೋರಿಕೆಯ ಒಂದು ದೊಡ್ಡ ದಾರಿ ಪೊಟ್ಟಣದ ಗಾತ್ರ.

1. ಅಂದಿನ ಅಳತೆ, ಇಂದಿನ ಅಳತೆ

ನಮ್ಮ ಅಜ್ಜಿಯರ ಕಾಲದಲ್ಲಿ ಸೇರು, ಪಾವು, ಕೊಳಗ ಅಂತ ಅಳತೆ ಇತ್ತು. ಎಣ್ಣೆಗೆ ಬಾಟ್ಲಿ, ಅಕ್ಕಿಗೆ ಚೀಲ ನಾವೇ ತಗೊಂಡು ಹೋಗಬೇಕಿತ್ತು. 1956ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ಇರಬೇಕೆಂದು ಕಾನೂನು ಬಂತು. ಆಮೇಲೆ ಹಂತ ಹಂತವಾಗಿ ಸೇರು ಹೋಗಿ ಕಿಲೋ, ಲೀಟರ್ ಬಂದವು. ಆಗ "ಸಕ್ಕರೆ ಕಿಲೋಗೆ ಎಷ್ಟು?" ಅಂತ ಕೇಳಿದರೆ ಸಾಕಿತ್ತು. ಎರಡು ಅಂಗಡಿಯಲ್ಲಿ ಕೇಳಿದರೆ ಯಾವುದು ಕಡಿಮೆ ಅಂತ ಶಾಲೆಗೆ ಹೋಗದವರಿಗೂ ಗೊತ್ತಾಗುತ್ತಿತ್ತು.

ಪ್ಯಾಕೆಟ್ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಈಗ ನಾವು "ಐದು ರೂಪಾಯಿದು ಕೊಡಿ, ಹತ್ತು ರೂಪಾಯಿದು ಕೊಡಿ" ಅಂತ ಕೇಳುತ್ತೇವೆ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಎಂಬವರು ಶಾಂಪೂವನ್ನು ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ತುಂಬಿ ಮಾರುವ ಉಪಾಯ ಮಾಡಿದರು. 1980ರ ದಶಕದಲ್ಲಿ ಅವರ ಮಕ್ಕಳು ಅದನ್ನು ಹಳ್ಳಿ ಹಳ್ಳಿಗೆ ತಲುಪಿಸಿದರು. ಬಾಟ್ಲಿ ಕೊಳ್ಳಲಾಗದವರಿಗೂ ಶಾಂಪೂ ಸಿಕ್ಕಿತು. ಇದು ಒಳ್ಳೆಯದೇ. ಕಾಫಿಪುಡಿ, ಚಾಪುಡಿ, ಎಣ್ಣೆ, ಸೋಪಿನ ಪುಡಿ ಎಲ್ಲವೂ ಅದೇ ದಾರಿ ಹಿಡಿದವು. ಆದರೆ ಇದರಿಂದ ನಮಗೆ ಗೊತ್ತಿಲ್ಲದೆ ಒಂದು ಅಭ್ಯಾಸ ಬಂತು. ಬೆಲೆಯ ಹೆಸರು ಹೇಳಿ ಕೇಳುತ್ತೇವೆ, ಅಳತೆ ಕೇಳುವುದನ್ನು ಬಿಟ್ಟೇಬಿಟ್ಟೆವು.

ಅಂದು ಅಳತೆ ನಿಂತಿತ್ತು, ಬೆಲೆ ಏರಿ ಇಳಿಯುತ್ತಿತ್ತು. ಇಂದು ಬೆಲೆ ನಿಂತ ಹಾಗೆ ಕಾಣುತ್ತದೆ, ಅಳತೆ ಏರಿ ಇಳಿಯುತ್ತದೆ.

2. ನಮ್ಮ ಮನೆಯ ಹಾಲಿನ ಪ್ಯಾಕೆಟ್ ನೋಡಿ

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಂದಿನಿ ಹಾಲಿನ ನೀಲಿ ಪ್ಯಾಕೆಟ್ ನಮಗೆಲ್ಲ ಗೊತ್ತು. ಅದರ ಲೆಕ್ಕ ಹೀಗೆ ನಡೆಯಿತು:

- 2024ರ ಜೂನ್ 25ರವರೆಗೆ: ಅರ್ಧ ಲೀಟರ್ 22 ರೂ., ಒಂದು ಲೀಟರ್ 42 ರೂ.
- 2024ರ ಜೂನ್ 26ರಿಂದ: 550 ಮಿ.ಲೀ. 24 ರೂ., 1050 ಮಿ.ಲೀ. 44 ರೂ.
- 2025ರ ಏಪ್ರಿಲ್ 1ರಿಂದ: 500 ಮಿ.ಲೀ. 24 ರೂ., ಒಂದು ಲೀಟರ್ 46 ರೂ.

2024ರಲ್ಲಿ "ಹಾಲಿನ ಬೆಲೆ ಏರಿತು" ಅಂತ ಎಲ್ಲರೂ ಮಾತಾಡಿದರು. ಹಾಲಿನ ಸಂಗ್ರಹ ಹೆಚ್ಚಾಗಿದೆ, ಅದಕ್ಕೆ 50 ಮಿ.ಲೀ. ಹೆಚ್ಚು ಹಾಕಿ 2 ರೂ. ತೆಗೆದುಕೊಳ್ಳುತ್ತೇವೆ, ಇದು ಬೆಲೆ ಏರಿಕೆ ಅಲ್ಲ ಎಂದು ಕೆ.ಎಂ.ಎಫ್. ಹೇಳಿತು. ಲೆಕ್ಕ ಹಾಕಿ ನೋಡಿದರೆ ಆ ಮಾತು ಸರಿಯಾಗಿತ್ತು. ಮೊದಲು ಅರ್ಧ ಲೀಟರ್ ಪ್ಯಾಕೆಟ್‌ನಲ್ಲಿ 100 ಮಿ.ಲೀ.ಗೆ 4 ರೂ. 40 ಪೈಸೆ ಬೀಳುತ್ತಿತ್ತು, ಆಮೇಲೆ 4 ರೂ. 36 ಪೈಸೆ ಬಿತ್ತು. ಆದರೆ ದಿನಕ್ಕೆ ಒಂದೇ ಪ್ಯಾಕೆಟ್ ಸಾಕು ಅನ್ನುವ ಮನೆಗೆ ಬೇಕಿರಲಿ, ಬೇಡದಿರಲಿ, ದಿನಾ 2 ರೂ. ಹೆಚ್ಚು ಖರ್ಚು ಬಂತು ಅನ್ನುವುದೂ ನಿಜ.

ಈಗ 2025ರದ್ದು ನೋಡಿ. ಚಿಕ್ಕ ಪ್ಯಾಕೆಟ್ ಕೊಳ್ಳುವವರಿಗೆ ಬೆಲೆ ಬದಲಾಗಲೇ ಇಲ್ಲ: 24 ಇದ್ದದ್ದು 24. ಆದರೆ ಒಳಗಿನ 50 ಮಿ.ಲೀ. ಹೋಯಿತು. 100 ಮಿ.ಲೀ.ಗೆ 4 ರೂ. 36 ಪೈಸೆ ಇದ್ದದ್ದು 4 ರೂ. 80 ಪೈಸೆ ಆಯಿತು. ದಿನಕ್ಕೊಂದು ಪ್ಯಾಕೆಟ್ ತರುವ ಮನೆಗೆ ತಿಂಗಳಿಗೆ ಒಂದೂವರೆ ಲೀಟರ್ ಹಾಲು ಕಡಿಮೆ. ದೊಡ್ಡ ಪ್ಯಾಕೆಟ್‌ನಲ್ಲಿ 44 ಇದ್ದದ್ದು 46 ಆಯಿತು. ಎರಡೇ ರೂಪಾಯಿ ಏರಿದಂತೆ ಕಂಡರೂ ಲೀಟರಿನ ಲೆಕ್ಕದಲ್ಲಿ ಏರಿದ್ದು ಸುಮಾರು ನಾಲ್ಕು ರೂಪಾಯಿ.

ಇದರಲ್ಲಿ ಮೋಸ ಏನೂ ಇಲ್ಲ. ಲೀಟರಿಗೆ 4 ರೂ. ಏರಿಕೆ ಎಂದು ಮೊದಲೇ ಎಲ್ಲರಿಗೂ ತಿಳಿಸಿದ್ದರು, ಹೆಚ್ಚಿದ ಹಣ ಹಾಲು ಹಾಕುವ ರೈತರಿಗೆ ಎಂದೂ ಹೇಳಿದ್ದರು. ನಮ್ಮ ಸಂಘಗಳಲ್ಲೇ ಡೇರಿಗೆ ಹಾಲು ಹಾಕುವವರು ಎಷ್ಟೋ ಜನ ಇದ್ದಾರೆ. ಆದರೆ ನಾವು ಕಲಿಯಬೇಕಾದ ಪಾಠ ಒಂದಿದೆ. ಪ್ಯಾಕೆಟ್ ಮೇಲಿನ ಬೆಲೆ ಅರ್ಧ ಸುದ್ದಿ ಮಾತ್ರ ಹೇಳುತ್ತದೆ. ಇನ್ನರ್ಧ ಸುದ್ದಿ ಅಳತೆಯಲ್ಲಿದೆ. ಎರಡನ್ನೂ ಒಟ್ಟಿಗೆ ಓದದೆ ಬೆಲೆ ಏರಿತೋ ಇಳಿಯಿತೋ ಹೇಳಲಿಕ್ಕೆ ಆಗುವುದಿಲ್ಲ.

ಹಾಲಿನ ವಿಷಯದಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಬೇರೆ ಸಾಮಾನಿನಲ್ಲಿ ಯಾರೂ ಬಂದು ಹೇಳುವುದಿಲ್ಲ. 2022ರಲ್ಲಿ ಎಣ್ಣೆ, ಗೋಧಿ ಎಲ್ಲ ತುಟ್ಟಿಯಾದಾಗ ಬಹಳ ಕಂಪನಿಗಳು ಐದು, ಹತ್ತು ರೂಪಾಯಿಯ ಪ್ಯಾಕೆಟ್‌ಗಳ ಬೆಲೆ ಹಾಗೇ ಇಟ್ಟು ತೂಕ ಇಳಿಸಿದವು. ಹತ್ತು ರೂಪಾಯಿಯ ವಿಮ್ ಪಾತ್ರೆ ಸೋಪು 155 ಗ್ರಾಂ ಇದ್ದದ್ದು 135 ಗ್ರಾಂ ಆಯಿತು ಎಂದು ಆಗ ವರದಿಯಾಗಿತ್ತು. ತೂಕ ಇಳಿಸಿ ಅದನ್ನು ಸರಿಯಾಗಿ ಅಚ್ಚು ಹಾಕಿದರೆ ಕಾನೂನಿನ ಪ್ರಕಾರ ಅದು ತಪ್ಪಲ್ಲ. ಓದುವ ಜವಾಬ್ದಾರಿ ನಮ್ಮದಾಗುತ್ತದೆ.

3. ಲೆಕ್ಕ ಹಾಕುವುದು ಹೇಗೆ?

ಸಂಘದ ಇಬ್ಬರು ಅಂಗಡಿಯಲ್ಲಿ ಬಟ್ಟೆ ಸೋಪು ಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. (ಇಲ್ಲಿಂದ ಮುಂದಿನ ಬೆಲೆಗಳೆಲ್ಲ ಲೆಕ್ಕ ಕಲಿಯಲು ಹಾಕಿಕೊಂಡವು.)

"ಅಕ್ಕಾ, ಆ ಹತ್ತು ರೂಪಾಯಿದು ಯಾಕೆ ತಗೊಂಡ್ರಿ? ಈ ಮೂವತ್ತು ರೂಪಾಯಿದು ದೊಡ್ಡದಿದೆ, ಅದೇ ಲಾಭ ಅಲ್ವಾ?"

"ದೊಡ್ಡದು ಹೌದು ಮಾರಾಯ್ತಿ. ಆದ್ರೆ ಹಿಂದೆ ತಿರುಗಿಸಿ ನೋಡು. ಅದ್ರಲ್ಲಿ 200 ಗ್ರಾಂ, ಇದ್ರಲ್ಲಿ 80. ಇಂಥದ್ದು ಐದು ತಗೊಂಡ್ರೆ 400 ಗ್ರಾಂ, ಐವತ್ತು ರೂಪಾಯಿ. ಅಂಥದ್ದು ಎರಡು ತಗೊಂಡ್ರೂ ಅದೇ 400 ಗ್ರಾಂ, ಆದ್ರೆ ಅರವತ್ತು ರೂಪಾಯಿ."

ಇದೇ ಮೊದಲನೇ ವಿಧಾನ: ಎರಡನ್ನೂ ಸಮತೂಕಕ್ಕೆ ತರುವುದು. ಬಾಯಿಲೆಕ್ಕದಲ್ಲೇ ಆಗುತ್ತದೆ.

ಎರಡನೇ ವಿಧಾನ ಮೊಬೈಲ್‌ನಲ್ಲಿ: ಬೆಲೆಯನ್ನು ಗ್ರಾಂನಿಂದ ಭಾಗಿಸಿ, ನೂರರಿಂದ ಗುಣಿಸಿ. ಬಂದದ್ದು 100 ಗ್ರಾಂನ ಬೆಲೆ. ಮೇಲಿನ ಸೋಪಿನಲ್ಲಿ 10 ÷ 80 × 100 = 12 ರೂ. 50 ಪೈಸೆ; 30 ÷ 200 × 100 = 15 ರೂಪಾಯಿ. ಫೋನಿನಲ್ಲಿ ಲೆಕ್ಕ ಹಾಕಲು ಬಾರದವರು ಶಾಲೆಗೆ ಹೋಗುವ ಮಗಳನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳಿಗೂ ಭಾಗಾಕಾರ ಯಾಕೆ ಬೇಕು ಅಂತ ತಿಳಿಯುತ್ತದೆ.

ಮೂರನೇ ವಿಧಾನ ಇನ್ನೂ ಸುಲಭ: ಪ್ಯಾಕೆಟ್ ಮೇಲೆಯೇ ಓದುವುದು. ಚಾಪುಡಿ, ಕಾಫಿಪುಡಿ, ಎಣ್ಣೆ, ಉಪ್ಪು, ಬಿಸ್ಕತ್ತು, ಸೋಪು ಮುಂತಾದ ಸಾಮಾನುಗಳನ್ನು ಇಂತಿಂಥ ಅಳತೆಯಲ್ಲೇ ಪ್ಯಾಕ್ ಮಾಡಬೇಕು ಎಂದು ಮೊದಲು ನಿಯಮ ಇತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ಹೊರಡಿಸಿ ಅದನ್ನು ತೆಗೆದುಹಾಕಿತು. ಕಂಪನಿಗಳು ತಮಗೆ ಬೇಕಾದ ಅಳತೆಯಲ್ಲಿ ಪ್ಯಾಕ್ ಮಾಡಬಹುದು. ಅದರ ಬದಲು ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೀಳುತ್ತದೆ ಎಂದು ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಅಚ್ಚು ಹಾಕಬೇಕು. ಇದಕ್ಕೆ 'ಯೂನಿಟ್ ಸೇಲ್ ಪ್ರೈಸ್' ಎನ್ನುತ್ತಾರೆ. ಕೆಲವು ಪ್ಯಾಕೆಟ್ ಮೇಲೆ 'ಯು.ಎಸ್.ಪಿ.' ಎಂದು ಮೂರೇ ಅಕ್ಷರ ಇರುತ್ತದೆ.

ಇದನ್ನು ಓದುವಾಗ ಮೂರು ವಿಷಯ ನೆನಪಿಡಿ:

ಅ) ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ ಇರುತ್ತದೆ. ಅರ್ಧ ಕಿಲೋ ಪ್ಯಾಕೆಟ್ ಮೇಲೆ 'ಗ್ರಾಂಗೆ 0.12' ಎಂದೂ, ಎರಡು ಕಿಲೋ ಪ್ಯಾಕೆಟ್ ಮೇಲೆ 'ಕಿಲೋಗೆ 115' ಎಂದೂ ಇದ್ದರೆ ಗಾಬರಿಯಾಗಬೇಡಿ. 0.12 ಅಂದರೆ ಗ್ರಾಂಗೆ 12 ಪೈಸೆ, ಕಿಲೋಗೆ 120 ರೂಪಾಯಿ. ಈಗ ಹೋಲಿಸಿ.

ಆ) ಪೈಸೆಯ ಲೆಕ್ಕವನ್ನು ಸರಿಸುಮಾರು ಮಾಡಿ ಹಾಕಿರುತ್ತಾರೆ. ಉಪ್ಪಿನಂಥ ಅಗ್ಗದ ಸಾಮಾನಿನಲ್ಲಿ ಇದು ದಾರಿ ತಪ್ಪಿಸುತ್ತದೆ. 13 ರೂಪಾಯಿಯ ಅರ್ಧ ಕಿಲೋ ಉಪ್ಪಿಗೆ ಗ್ರಾಂಗೆ 3 ಪೈಸೆ ಎಂದು ಬರೆದಿರುತ್ತದೆ. ಅದರಿಂದ ಕಿಲೋಗೆ 30 ಎಂದು ತಿಳಿಯಬಾರದು, ನಿಜವಾಗಿ 26 ರೂಪಾಯಿ. ಇಂಥ ಕಡೆ ನಮ್ಮ ಲೆಕ್ಕವೇ ಸರಿ.

ಇ) 10 ಗ್ರಾಂ ಅಥವಾ 10 ಮಿ.ಲೀ. ಮತ್ತು ಅದಕ್ಕಿಂತ ಸಣ್ಣ ಪ್ಯಾಕೆಟ್‌ಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ನಾವು ಹೆಚ್ಚಾಗಿ ಕೊಳ್ಳುವ ಅತಿ ಸಣ್ಣ ಪ್ಯಾಕೆಟ್ ಮೇಲೆಯೇ ಈ ಸಹಾಯ ಇಲ್ಲ!

4. ದೊಡ್ಡದು ಯಾವಾಗಲೂ ಲಾಭವೇ?

"ದೊಡ್ಡ ಪ್ಯಾಕ್ ತಗೊಂಡ್ರೆ ಉಳಿಯುತ್ತೆ" ಅನ್ನುವುದು ನಮ್ಮೆಲ್ಲರ ನಂಬಿಕೆ. ಬಹಳ ಸಲ ಅದು ನಿಜ, ಯಾವಾಗಲೂ ಅಲ್ಲ.

ಶಾಂಪೂವನ್ನೇ ನೋಡಿ. 2 ರೂಪಾಯಿಯ ಪ್ಯಾಕೆಟ್‌ನಲ್ಲಿ 8 ಮಿ.ಲೀ. ಇದೆ, 80 ರೂಪಾಯಿಯ ಬಾಟ್ಲಿಯಲ್ಲಿ 160 ಮಿ.ಲೀ. ಇದೆ ಎಂದುಕೊಳ್ಳಿ. ಇಪ್ಪತ್ತು ಪ್ಯಾಕೆಟ್ ಸೇರಿದರೆ ಅದೇ 160 ಮಿ.ಲೀ., ಬೆಲೆ ಬರೀ 40 ರೂಪಾಯಿ. ನಮ್ಮ ದೇಶದಲ್ಲಿ ಶಾಂಪೂ ಬಾಟ್ಲಿಗಿಂತ ಸಣ್ಣ ಪ್ಯಾಕೆಟ್ ಅಗ್ಗ ಬೀಳುವುದು ಸಾಮಾನ್ಯ. ಕಂಪನಿಗಳ ನಡುವೆ ಹೆಚ್ಚು ಪೈಪೋಟಿ ಇರುವುದು ಒಂದು, ಎರಡು ರೂಪಾಯಿಯ ಪ್ಯಾಕೆಟ್‌ನಲ್ಲೇ. ಆದರೆ ಖಾಲಿ ಪ್ಯಾಕೆಟ್‌ಗಳನ್ನು ಹಳ್ಳದ ಬದಿಯಲ್ಲಿ, ತೋಟದಲ್ಲಿ ಬಿಸಾಡುವುದು ಬೇಡ. ಒಟ್ಟು ಮಾಡಿ ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ಕಾಫಿಪುಡಿ ಇದಕ್ಕೆ ಉಲ್ಟಾ. 50 ಗ್ರಾಂ ಪ್ಯಾಕೆಟ್ 35 ರೂ., ಅರ್ಧ ಕಿಲೋ 300 ರೂ. ಎಂದುಕೊಳ್ಳಿ. ತಿಂಗಳಿಗೆ ಅರ್ಧ ಕಿಲೋ ಬೇಕಾದ ಮನೆಯವರು ಸಣ್ಣ ಪ್ಯಾಕೆಟ್ ಹತ್ತು ತಂದರೆ 350 ರೂ. ಆಗುತ್ತದೆ. ತಿಂಗಳಿಗೆ 50 ರೂ., ವರ್ಷಕ್ಕೆ 600 ರೂ. ಹೆಚ್ಚು. ಒಂದು ಮಗುವಿನ ಪುಸ್ತಕ, ಪೆನ್ನು, ಕೊಡೆಯ ಖರ್ಚು ಅಷ್ಟರಲ್ಲೇ ಕಳೆಯುತ್ತದೆ.

ಕಾಫಿಪುಡಿಯಲ್ಲಿ ಇನ್ನೊಂದು ವಿಷಯ. ಕಾಫಿ ಬೆಳೆಯುವ ಊರಿನವರಾದ ನಮಗೆ ಹೇಳಬೇಕಾಗಿಲ್ಲ. ಚಿಕೋರಿ ಹೆಚ್ಚಾದಷ್ಟೂ ಪುಡಿ ಅಗ್ಗ. ನೂರಕ್ಕೆ ಎಷ್ಟು ಕಾಫಿ, ಎಷ್ಟು ಚಿಕೋರಿ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಎರಡರಲ್ಲೂ ಅದು ಸಮ ಇದ್ದರೆ ಮಾತ್ರ ತೂಕದ ಲೆಕ್ಕಕ್ಕೆ ಅರ್ಥ.

ಎಣ್ಣೆಯಲ್ಲಿ ಲೀಟರ್ ಬೇರೆ, ಕಿಲೋ ಬೇರೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. ಈಗ ಲೀಟರ್ ಪ್ಯಾಕೆಟ್‌ನಂತೆಯೇ ಕಾಣುವ 850 ಮಿ.ಲೀ., 800 ಗ್ರಾಂ ಪ್ಯಾಕೆಟ್‌ಗಳೂ ಬಂದಿವೆ. ಪ್ಯಾಕೆಟ್ ಮೇಲೆ ಗ್ರಾಂ ಎಷ್ಟಿದೆ ಎಂದು ಹುಡುಕಿ, ಗ್ರಾಂನಲ್ಲೇ ಹೋಲಿಸಿ.

'ಒಂದಕ್ಕೊಂದು ಫ್ರೀ', 'ನೂರಕ್ಕೆ ಇಪ್ಪತ್ತು ಹೆಚ್ಚು' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದನ್ನು ಬಿಟ್ಟು ಒಟ್ಟು ತೂಕ, ಒಟ್ಟು ಬೆಲೆ ಎರಡನ್ನೇ ನೋಡಿ. ಉಬ್ಬಿದ ಪ್ಯಾಕೆಟ್ ನೋಡಿ ಮರುಳಾಗಬೇಡಿ, ಚಿಪ್ಸಿನ ಪ್ಯಾಕೆಟ್‌ನಲ್ಲಿ ಗಾಳಿಯೂ ಇರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಮೇಲಿನ ಜಿ.ಎಸ್.ಟಿ. 18ರಿಂದ 5ಕ್ಕೆ ಇಳಿಯಿತು. ಇಂಥ ಬದಲಾವಣೆ ಆದಾಗ ಬೆಲೆಯೂ ಬದಲಾಗಬಹುದು, ತೂಕವೂ ಬದಲಾಗಬಹುದು. ಹೋದ ವರ್ಷದ ನೆನಪಿನ ಮೇಲೆ ಈ ವರ್ಷ ಸಾಮಾನು ಕೊಳ್ಳಬಾರದು.

5. ದೊಡ್ಡದು ಲಾಭ ಎಂದು ಗೊತ್ತಿದ್ದರೂ ಕೊಳ್ಳಲು ಆಗದಿದ್ದರೆ?

ಇದು ನಿಜವಾದ ಕಷ್ಟ. ವಾರದ ಕೂಲಿಯಲ್ಲಿ ಜೀವನ ಮಾಡುವವರು 300 ರೂಪಾಯಿಯನ್ನು ಕಾಫಿಪುಡಿಗೇ ಹಾಕಿದರೆ ಅಕ್ಕಿ, ಮೀನು, ಬಸ್ ಚಾರ್ಜಿಗೆ ಏನು ಮಾಡಬೇಕು? ಹತ್ತಿರದ ಅಂಗಡಿಯಲ್ಲಿ ಲೆಕ್ಕ ಬರೆಸಿ ತರುವವರು ಅಲ್ಲಿ ಇರುವುದನ್ನೇ ತರಬೇಕು. ಕೈಯಲ್ಲಿ ಹಣ ಇರುವವರಿಗೆ ಸಾಮಾನು ಅಗ್ಗ, ಇಲ್ಲದವರಿಗೆ ಅದೇ ಸಾಮಾನು ತುಟ್ಟಿ. ಇದಕ್ಕೆ ಬಡವರ ತಪ್ಪು ಕಾರಣವಲ್ಲ. ಆದರೆ ಒಬ್ಬೊಬ್ಬರಿಂದ ಆಗದ್ದು ಸಂಘದಿಂದ ಆಗುತ್ತದೆ.

ಒಟ್ಟು ಖರೀದಿ: ಹತ್ತು ಮನೆಯವರು ಸೇರಿ ಕೊಪ್ಪ, ಶೃಂಗೇರಿ ಅಥವಾ ನರಸಿಂಹರಾಜಪುರದ ಪೇಟೆಯಿಂದ ದೊಡ್ಡ ಚೀಲ, ದೊಡ್ಡ ಡಬ್ಬಿ ತಂದು ತೂಕ ಮಾಡಿ ಹಂಚಿಕೊಳ್ಳಬಹುದು. ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. 40 ರೂಪಾಯಿ ಉಳಿಸಲು 60 ರೂಪಾಯಿ ಬಸ್ಸಿಗೆ ಕೊಟ್ಟರೆ ಏನು ಬಂತು?

ಸಣ್ಣ ಸಾಲ: ಒಬ್ಬ ಸದಸ್ಯೆ ಸಂಘದಿಂದ 300 ರೂ. ತೆಗೆದು ಅರ್ಧ ಕಿಲೋ ಕಾಫಿಪುಡಿ ತಂದರು ಎನ್ನೋಣ. ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 6 ರೂಪಾಯಿ. ಉಳಿದದ್ದು 50. ಬಡ್ಡಿ ಕಳೆದರೂ 44 ರೂ. ಕೈಯಲ್ಲಿ ನಿಂತಿತು, ಬಡ್ಡಿಯೂ ಹೊರಗೆ ಹೋಗಲಿಲ್ಲ, ಸಂಘದಲ್ಲೇ ಉಳಿಯಿತು. ಆದರೆ ಸಣ್ಣ ಪ್ಯಾಕೆಟ್‌ಗೆ ಖರ್ಚಾಗುತ್ತಿದ್ದ ಹಣವನ್ನು ವಾರ ವಾರ ತೆಗೆದಿಟ್ಟು ಸಾಲ ತೀರಿಸಬೇಕು. ಇಲ್ಲದಿದ್ದರೆ ಲಾಭ ಇಲ್ಲ.

ಎರಡು ಎಚ್ಚರಿಕೆ. ಮೊದಲನೆಯದು ನಮ್ಮ ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರೊಡೆಯುತ್ತದೆ, ಹಿಟ್ಟಿಗೆ ಹುಳ ಬೀಳುತ್ತದೆ, ಪುಡಿಗಳು ಗಟ್ಟಿಯಾಗುತ್ತವೆ. ಹಾಳಾದದ್ದಕ್ಕೆ ಯಾವ ಲೆಕ್ಕದಲ್ಲೂ ಲಾಭ ಇಲ್ಲ. ಮಳೆಗಾಲದಲ್ಲಿ ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎರಡನೆಯದು ನಮ್ಮ ಕೈ. ಡಬ್ಬಿ ತುಂಬಿದ್ದರೆ ಚಮಚ ದೊಡ್ಡದಾಗುತ್ತದೆ. ದೊಡ್ಡ ಪ್ಯಾಕ್ ತಂದು ಬೇಗ ಮುಗಿಸಿದರೆ ಉಳಿದದ್ದು ಏನೂ ಇಲ್ಲ.

6. ನಮ್ಮ ಹಕ್ಕು, ನಮ್ಮ ಕರ್ತವ್ಯ

ಪ್ಯಾಕೆಟ್ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಸಾಮಾನಿನ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ನಂಬರ್ ಇರಬೇಕು. ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು, ಬರೆದದ್ದಕ್ಕಿಂತ ಕಡಿಮೆ ತೂಕ ಕೊಡುವುದು ಅಪರಾಧ. ಮೊದಲು ಅಂಗಡಿಯವರ ಹತ್ತಿರ ಸಮಾಧಾನದಿಂದ ಮಾತಾಡಿ. ತೂಕ ಇಳಿಸಿದ್ದು ಕಂಪನಿ, ಅಂಗಡಿಯವರಲ್ಲ. ಸರಿಹೋಗದಿದ್ದರೆ ಬಿಲ್ಲು ಮತ್ತು ಪ್ಯಾಕೆಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಥವಾ ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು.

ನಮ್ಮ ಸಂಘಗಳಲ್ಲಿ ಹಪ್ಪಳ, ಉಪ್ಪಿನಕಾಯಿ, ಕಾಳುಮೆಣಸು, ಬಾಳೆಕಾಯಿ ಚಿಪ್ಸ್ ಮಾಡಿ ಮಾರುವವರೂ ಇದ್ದಾರೆ. ಕೊಳ್ಳುವಾಗ ನಾವು ಕೇಳುವುದನ್ನು ಮಾರುವಾಗ ಕೊಡಬೇಕು. ಪ್ಯಾಕೆಟ್ ತೂಕ ಬಿಟ್ಟು ಒಳಗಿನ ಸಾಮಾನಿನ ತೂಕ ಎಷ್ಟೋ ಅಷ್ಟೇ ಬರೆಯಿರಿ. ಬೆಲೆ ಏರಿಸಬೇಕಾದರೆ ಗಿರಾಕಿಗೆ ಹೇಳಿ ಏರಿಸಿ. ಸುಮ್ಮನೆ ತೂಕ ಇಳಿಸಿದರೆ ಒಂದು ಸಲ ಉಳಿಯುತ್ತದೆ, ಎರಡನೇ ಸಲ ಗಿರಾಕಿಯೇ ಬರುವುದಿಲ್ಲ.

ಸಭೆಯಲ್ಲಿ ಚರ್ಚಿಸಲು

1. ಕಳೆದ ತಿಂಗಳು ನಿಮ್ಮ ಮನೆಗೆ ಬಂದ ಯಾವ ಸಾಮಾನಿನ ತೂಕ ನಿಮಗೆ ಗೊತ್ತಿದೆ? ಯಾವುದರ ಬೆಲೆ ಮಾತ್ರ ಗೊತ್ತಿದೆ?
2. ಹತ್ತು ರೂಪಾಯಿಯ ಪ್ಯಾಕೆಟ್‌ಗಳಲ್ಲಿ ಯಾವುದು ಮೊದಲಿಗಿಂತ ಸಣ್ಣದಾಗಿದೆ?
3. ನಮ್ಮ ಸಂಘದಲ್ಲಿ ಒಟ್ಟಿಗೆ ಕೊಂಡರೆ ಲಾಭವಾಗುವ ಮೂರು ಸಾಮಾನು ಯಾವುವು? ತೂಕದ ತಕ್ಕಡಿ ಯಾರ ಮನೆಯಲ್ಲಿದೆ?

ಮಾಡಿ ನೋಡಿ

ಪ್ರತಿಯೊಬ್ಬರೂ ಮುಂದಿನ ಸಭೆಗೆ ಒಂದೇ ಸಾಮಾನಿನ ಎರಡು ಅಳತೆಯ ಖಾಲಿ ಪ್ಯಾಕೆಟ್ ತನ್ನಿ. ಇಬ್ಬಿಬ್ಬರು ಕೂತು 100 ಗ್ರಾಂನ ಬೆಲೆ ಲೆಕ್ಕ ಹಾಕಿ. ಓದು ಬರುವವರು ಓದಿ ಹೇಳಲಿ, ಬಾಯಿಲೆಕ್ಕ ಚೆನ್ನಾಗಿ ಬರುವ ಹಿರಿಯರು ಲೆಕ್ಕ ಹೇಳಲಿ. ಬಂದ ಉತ್ತರವನ್ನು ನಡಾವಳಿ ಪುಸ್ತಕದ ಕೊನೆಯ ಪುಟದಲ್ಲಿ ದಿನಾಂಕ ಹಾಕಿ ಬರೆಯಿರಿ. ಆರು ತಿಂಗಳು ಬಿಟ್ಟು ಅದೇ ಸಾಮಾನನ್ನು ಮತ್ತೆ ಲೆಕ್ಕ ಹಾಕಿ ಹೋಲಿಸಿ.

ನೆನಪಿಡಿ: ಅಂಗಡಿಯಲ್ಲಿ "ಎಷ್ಟು ರೂಪಾಯಿ?" ಎಂದು ಕೇಳಿದ ಮೇಲೆ "ಎಷ್ಟು ಗ್ರಾಂ?" ಎಂದೂ ಕೇಳಿ. ಎರಡನೇ ಪ್ರಶ್ನೆ ಕೇಳಲು ಖರ್ಚೇನೂ ಇಲ್ಲ.